ಮಂಪರು ಪರೀಕ್ಷೆ ಬಂದ ಮೇಲೆ ಠಾಣೆಯ ಹಿಂಸೆ ಕಡಿಮೆಯಾಯಿತೇ? ಜಿನಿ ಲೋಕನೀತಾ ಅವರ ಸಂಶೋಧನೆಯ ಬಗ್ಗೆ ಒಂದು ಪ್ರಶ್ನೆ

ತುಂಗಾತೀರದ ಓದುಗ (ಪ್ರಶ್ನೆ)

ನಾನು ಸ್ನಾತಕೋತ್ತರ ತರಗತಿಗೆ ರಾಜ್ಯಶಾಸ್ತ್ರ ಬೋಧಿಸುತ್ತೇನೆ. ಪೊಲೀಸ್ ವ್ಯವಸ್ಥೆ ಮತ್ತು ಹಿಂಸೆಯನ್ನು ಕುರಿತ ಪಾಠಭಾಗಕ್ಕಾಗಿ, ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಡ್ರೂ ವಿಶ್ವವಿದ್ಯಾಲಯದ ರಾಜ್ಯಶಾಸ್ತ್ರ ಪ್ರಾಧ್ಯಾಪಕಿ ಜಿನಿ ಲೋಕನೀತಾ ಅವರು 2020ರಲ್ಲಿ ಪ್ರಕಟಿಸಿದ ‘ದಿ ಟ್ರುತ್ ಮಷೀನ್ಸ್’ ಎಂಬ ಅಧ್ಯಯನವನ್ನು ಈಗ ಓದಿ ಮುಗಿಸಿದ್ದೇನೆ. ಭಾರತದ ಐದು ನಗರಗಳಲ್ಲಿ ಪೊಲೀಸ್ ಅಧಿಕಾರಿಗಳು, ವಕೀಲರು, ವಿಧಿವಿಜ್ಞಾನ ಪ್ರಯೋಗಾಲಯಗಳ ಮನಃಶಾಸ್ತ್ರಜ್ಞರು ಹಾಗೂ ಮಾನವ ಹಕ್ಕುಗಳ ಕಾರ್ಯಕರ್ತರನ್ನು ಕಂಡು ಮಾತನಾಡಿ, ಮಂಪರು ಪರೀಕ್ಷೆ (ಔಷಧ ಚುಚ್ಚಿ ಅರೆಪ್ರಜ್ಞೆಯಲ್ಲಿ ಪ್ರಶ್ನಿಸುವುದು), ಬ್ರೈನ್ ಮ್ಯಾಪಿಂಗ್ (ಮಿದುಳಿನ ತರಂಗಗಳನ್ನು ಅಳೆಯುವ ಪರೀಕ್ಷೆ) ಮತ್ತು ಸುಳ್ಳು ಪತ್ತೆ ಯಂತ್ರಗಳು ನಮ್ಮ ತನಿಖೆಯೊಳಗೆ ಹೇಗೆ ಬಂದವು, ಬಂದು ಏನು ಮಾಡಿದವು ಎಂಬುದನ್ನು ಅವರು ಪರಿಶೀಲಿಸಿದ್ದಾರೆ. ಆ ನಗರಗಳಲ್ಲಿ ಬೆಂಗಳೂರೂ ಒಂದು. ಇದು ಸಹಜವೇ. 2000ದ ದಶಕದಲ್ಲಿ ದೇಶದ ಬೇರೆ ಬೇರೆ ರಾಜ್ಯಗಳ ಪೊಲೀಸರು ತಮ್ಮ ಆರೋಪಿಗಳನ್ನು ಮಂಪರು ಪರೀಕ್ಷೆಗೆಂದು ಕರೆತರುತ್ತಿದ್ದುದು ನಮ್ಮ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದವರ ಬಳಿಗೆ. ನಕಲಿ ಛಾಪಾ ಕಾಗದ ಹಗರಣದ ತೆಲಗಿಯ ಪರೀಕ್ಷೆಯ ದೃಶ್ಯಗಳನ್ನು ಟಿವಿಯಲ್ಲಿ ನೋಡಿದ ನೆನಪು ನನ್ನ ವಯಸ್ಸಿನವರಿಗೆಲ್ಲ ಇರುತ್ತದೆ.

ನನ್ನ ಪ್ರಶ್ನೆ ಹೀಗಿದೆ. ಈ ಯಂತ್ರಗಳ ಪರವಾಗಿ ಅಂದು ಮುಂದಿಟ್ಟ ಮುಖ್ಯ ವಾದವೇ ಇವು ಏಟಿಗೆ ಪರ್ಯಾಯ ಎಂಬುದಾಗಿತ್ತು. ಲಾಠಿಯ ಬದಲು ಸೂಜಿ, ಭಯದ ಬದಲು ವಿಜ್ಞಾನ. ಪ್ರಯೋಗಾಲಯದ ಮನಃಶಾಸ್ತ್ರಜ್ಞರಲ್ಲಿ ಅನೇಕರು ಇದನ್ನು ಮನಸಾರೆ ನಂಬಿದ್ದರು ಎಂಬುದನ್ನು ಲೋಕನೀತಾ ಅವರು ಗೌರವದಿಂದಲೇ ದಾಖಲಿಸುತ್ತಾರೆ. ಆದರೆ ಹಿಂಸೆಯ ಸ್ಥಾನವನ್ನು ಯಂತ್ರ ತೆಗೆದುಕೊಳ್ಳಲಿಲ್ಲ, ಹಿಂಸೆಯೊಡನೆ ಅದೂ ಸೇರಿಕೊಂಡಿತು ಎಂಬ ತೀರ್ಮಾನಕ್ಕೆ ಅವರು ಬರುತ್ತಾರೆ. ಇದು ಸರಿಯೆಂದು ಒಪ್ಪುವುದಾದರೆ ಕಾರಣವೇನು? ಹೊಡೆಯುವುದು ಮಾಹಿತಿಗಾಗಿಯೇ ಆಗಿದ್ದರೆ, ಹೊಡೆಯದೆ ಮಾಹಿತಿ ದೊರೆಯುವ ದಾರಿಯೊಂದು ತೆರೆದುಕೊಂಡಾಗ ಏಟು ಕಡಿಮೆಯಾಗಬೇಕಿತ್ತಲ್ಲವೇ? ‘ಪೊಲೀಸರ ಮನೋಭಾವ’ ಎಂಬ ಉತ್ತರ ನನಗೆ ಸಾಕೆನಿಸುವುದಿಲ್ಲ, ಏಕೆಂದರೆ ಮನೋಭಾವವೂ ಯಾವುದೋ ವ್ಯವಸ್ಥೆಯಿಂದಲೇ ಬರುತ್ತದೆ. ಕಾನೂನು ಅಥವಾ ತನಿಖೆಯ ಅನುಭವವಿರುವವರು ತಿಳಿಸಿದರೆ ಉಪಕಾರವಾಗುತ್ತದೆ.

ಮಾನಸಗಂಗೋತ್ರಿಯ ಸಂಶೋಧಕಿ

ಆ ಪುಸ್ತಕದ ವಾದವನ್ನು ಅದಕ್ಕಿಂತ ಹಿಂದಿನ ಅವರ ಕೆಲಸದೊಂದಿಗೆ ಸೇರಿಸಿ ಓದಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಲ್ಲಿಯೇ ಸಿಗುತ್ತದೆ ಎಂದು ನನ್ನ ಅನಿಸಿಕೆ. 2011ರಲ್ಲಿ ಅವರು ಅಮೆರಿಕ ಮತ್ತು ಭಾರತದಲ್ಲಿ ಚಿತ್ರಹಿಂಸೆಯನ್ನು ಕಾನೂನು ಹೇಗೆ ನಿಭಾಯಿಸುತ್ತದೆ ಎಂಬುದನ್ನು ಹೋಲಿಸಿ ಬರೆದಿದ್ದರು. ಎರಡೂ ದೇಶಗಳ ಸಂವಿಧಾನ ಮತ್ತು ನ್ಯಾಯಾಲಯಗಳು ಚಿತ್ರಹಿಂಸೆಯನ್ನು ನಿಷೇಧಿಸುತ್ತವೆ. ಆದರೂ ‘ಎಷ್ಟು ನೋವಾದರೆ ಅದು ಚಿತ್ರಹಿಂಸೆ’ ಎಂಬ ಲೆಕ್ಕಾಚಾರಕ್ಕೆ ಎರಡೂ ಕಡೆ ಜಾಗ ಉಳಿದಿದೆ. ಅತಿರೇಕವನ್ನಷ್ಟೇ ಚಿತ್ರಹಿಂಸೆ ಎಂದು ಕರೆದಾಗ ಅದಕ್ಕಿಂತ ಕೆಳಗಿನದ್ದೆಲ್ಲ ವಿಚಾರಣೆಯ ಕ್ರಮ ಎನಿಸಿಕೊಳ್ಳುತ್ತದೆ. ಅಮೆರಿಕದಲ್ಲಿ 2002ರ ಸರ್ಕಾರಿ ಟಿಪ್ಪಣಿಗಳು ಮಾಡಿದ್ದು ಇದನ್ನೇ. ನಮ್ಮಲ್ಲಿ ಮಂಪರು ಪರೀಕ್ಷೆಯನ್ನು ಒಪ್ಪಿದ ಆರಂಭದ ಹೈಕೋರ್ಟ್ ತೀರ್ಪುಗಳಲ್ಲೂ ಇದೇ ಧಾಟಿ ಕಾಣುತ್ತದೆ. ಸೂಜಿಯ ನೋವು ಅತ್ಯಲ್ಪ, ವೈದ್ಯರು ಪಕ್ಕದಲ್ಲಿರುತ್ತಾರೆ, ಆದ್ದರಿಂದ ಇದು ಬಲವಂತವಲ್ಲ ಎಂಬ ತರ್ಕ ಅದು. ಬೆಂಗಳೂರಿನ ಕೋರಮಂಗಲ ಠಾಣೆಯ ಪ್ರಕರಣವೊಂದರಲ್ಲಿ ಕರ್ನಾಟಕ ಹೈಕೋರ್ಟ್ 2004ರಲ್ಲಿ ಪರೀಕ್ಷೆಗೆ ಅವಕಾಶ ನೀಡಿತ್ತು. ಅದೇ ಮೇಲ್ಮನವಿಯಾಗಿ ಸುಪ್ರೀಂ ಕೋರ್ಟ್ ತಲುಪಿ, 2010ರ ಮೇ 5ರಂದು ‘ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ’ ಎಂಬ ಹೆಸರಿನಲ್ಲಿ ತೀರ್ಮಾನವಾಯಿತು. ಒಪ್ಪಿಗೆಯಿಲ್ಲದೆ ಈ ಮೂರೂ ಪರೀಕ್ಷೆಗಳನ್ನು ನಡೆಸುವುದು ಸಂವಿಧಾನದ 20(3) (ತನ್ನ ವಿರುದ್ಧವೇ ಸಾಕ್ಷಿ ಹೇಳುವಂತೆ ಆರೋಪಿಯನ್ನು ಬಲವಂತಪಡಿಸಬಾರದು) ಮತ್ತು 21ನೆಯ (ಜೀವ ಹಾಗೂ ವೈಯಕ್ತಿಕ ಸ್ವಾತಂತ್ರ್ಯದ ಹಕ್ಕು) ವಿಧಿಗಳ ಉಲ್ಲಂಘನೆ ಎಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರ ಪೀಠ ಹೇಳಿತು.

ಲೋಕನೀತಾ ಅವರ ಎರಡನೆಯ ಪುಸ್ತಕದ ಹೊಸತನವಿರುವುದು ಪ್ರಭುತ್ವವನ್ನು ಅವರು ನೋಡುವ ಬಗೆಯಲ್ಲಿ. ಪ್ರಭುತ್ವವೆಂದರೆ ಒಂದೇ ಮನಸ್ಸಿನಿಂದ ಹಿಂಸೆ ನಡೆಸುವ ಘಟಕವೆಂದು ಅವರು ತಿಳಿಯುವುದಿಲ್ಲ. ಪೊಲೀಸರಿಂದ ಸ್ವತಂತ್ರವಾಗಿರಲು ಹೆಣಗುವ ಸರ್ಕಾರಿ ಪ್ರಯೋಗಾಲಯ, ಆ ಪ್ರಯೋಗಾಲಯದ ವರದಿಯನ್ನೇ ಆತುಕೊಂಡಿರುವ ತನಿಖಾಧಿಕಾರಿ, ವಿಜ್ಞಾನವೆಂದೊಡನೆ ತಲೆಬಾಗುವ ಅಥವಾ ತಲೆಬಾಗಲು ಒಪ್ಪದ ನ್ಯಾಯಾಧೀಶರು, ಇವರೆಲ್ಲರ ನಡುವಿನ ಎಳೆದಾಟದಲ್ಲಿ ಅಂದಂದಿಗೆ ರೂಪುಗೊಳ್ಳುವ ಅಧಿಕಾರ ಅದು. ಹಾಗಾಗಿಯೇ ಹಿಂಸೆ ಅನಿವಾರ್ಯವೆಂದು ಅವರು ಎಲ್ಲಿಯೂ ಹೇಳುವುದಿಲ್ಲ. ಒಂದು ಪ್ರಯೋಗಾಲಯ, ಒಂದು ನ್ಯಾಯಾಲಯ ಬೇರೆ ರೀತಿ ನಡೆದುಕೊಂಡಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು ಎಂಬ ಸಾಧ್ಯತೆಯನ್ನು ಅವರು ತೆರೆದಿಡುತ್ತಾರೆ. ನನಗೆ ಆ ಪುಸ್ತಕದ ಬಗ್ಗೆ ಅಭಿಮಾನ ಹುಟ್ಟಿದ್ದು ಈ ಕಾರಣಕ್ಕಾಗಿ.

ಹಿಂಸೆಯೊಡನೆ ಯಂತ್ರ ಹೇಗೆ ಕೈಜೋಡಿಸಿತು ಎಂಬುದಕ್ಕೆ ಹೈದರಾಬಾದಿನ ಉದಾಹರಣೆ ಸಾಕು. 2007ರ ಮೇ ತಿಂಗಳಲ್ಲಿ ಮೆಕ್ಕಾ ಮಸೀದಿಯಲ್ಲಿ ಸ್ಫೋಟವಾದ ಬಳಿಕ ಅಲ್ಲಿನ ಅನೇಕ ಮುಸ್ಲಿಂ ಯುವಕರನ್ನು ಹಿಡಿದು ಅಕ್ರಮವಾಗಿ ಕೂಡಿಟ್ಟು ಹಿಂಸಿಸಲಾಯಿತು. ಅವರಲ್ಲಿ ಕೆಲವರನ್ನು ಮಂಪರು ಪರೀಕ್ಷೆಗೂ ಒಳಪಡಿಸಲಾಯಿತು. ಕಡೆಗೆ ಅವರ ಮೇಲಿನ ಆರೋಪಗಳು ನಿಲ್ಲಲಿಲ್ಲ, ಆಗಿನ ಆಂಧ್ರಪ್ರದೇಶ ಸರ್ಕಾರವೇ ಪರಿಹಾರ ಮತ್ತು ನಡತೆ ಪ್ರಮಾಣಪತ್ರ ಕೊಟ್ಟಿತು. ಆ ಪರಿಹಾರವನ್ನೂ ಮುಂದೆ ಹೈಕೋರ್ಟ್ ರದ್ದುಪಡಿಸಿದ್ದು ಬೇರೆ ನೋವಿನ ಕಥೆ. ಏಟಿನ ಬದಲಿಗೆ ಸೂಜಿ ಎಂಬ ಆಶ್ವಾಸನೆ ಆ ಹುಡುಗರ ಪಾಲಿಗೆ ಏಟಿನ ಜೊತೆಗೆ ಸೂಜಿ ಎಂದಾಯಿತು.

ನಿವೃತ್ತ ತನಿಖಾಧಿಕಾರಿ

ನಾನು ಕರ್ನಾಟಕ ಪೊಲೀಸ್ ಇಲಾಖೆಯಲ್ಲಿ ಪಿಎಸ್‌ಐ ಹುದ್ದೆಯಿಂದ ಮೇಲಕ್ಕೆ ಸೇವೆ ಸಲ್ಲಿಸಿ ನಿವೃತ್ತನಾದವನು. ಆ ಪುಸ್ತಕವನ್ನು ನಾನು ಓದಿಲ್ಲ, ಆದ್ದರಿಂದ ಲೇಖಕಿಯ ವಾದದ ಬಗ್ಗೆ ಮಾತನಾಡದೆ, ಪ್ರಶ್ನೆಯಲ್ಲಿರುವ ಒಂದು ಊಹೆಯ ಬಗ್ಗೆ ಮಾತ್ರ ಹೇಳುತ್ತೇನೆ. ಮಂಪರು ಪರೀಕ್ಷೆ ಲಾಠಿಯ ಜಾಗಕ್ಕೆ ಬಂದಿತೇ ಎಂದು ಕೇಳುವ ಮೊದಲು, ಲಾಠಿ ಎಲ್ಲಿ ಬೀಸುತ್ತದೆ ಮತ್ತು ಪ್ರಯೋಗಾಲಯಕ್ಕೆ ಯಾರು ಹೋಗುತ್ತಾರೆ ಎಂದು ಕೇಳಬೇಕು. ಪ್ರಯೋಗಾಲಯಕ್ಕೆ ಹೋಗುತ್ತಿದ್ದುದು ದೊಡ್ಡ ಪ್ರಕರಣಗಳ ಆರೋಪಿಗಳು, ಪತ್ರಿಕೆಯಲ್ಲಿ ಹೆಸರು ಬಂದವರು. ನ್ಯಾಯಾಲಯದ ಅನುಮತಿ, ಬೆಂಗಾವಲು ಸಿಬ್ಬಂದಿ, ಆಸ್ಪತ್ರೆಯಲ್ಲಿ ಅರಿವಳಿಕೆ ತಜ್ಞರು, ದಿನಾಂಕಕ್ಕಾಗಿ ಕಾಯುವುದು, ಇಷ್ಟೆಲ್ಲ ಇರುವ ಆ ವ್ಯವಸ್ಥೆಗೆ ತಾಲ್ಲೂಕು ಠಾಣೆಯ ಬೈಕ್ ಕಳವಿನ ಶಂಕಿತನನ್ನು ಯಾರೂ ಕರೆದೊಯ್ಯುವುದಿಲ್ಲ. ಠಾಣೆಗಳಲ್ಲಿ ಏಟು ತಿನ್ನುವವರಲ್ಲಿ ಬಹುಪಾಲು ಇಂತಹ ಸಣ್ಣ ಕಳವಿನ ಶಂಕಿತರೇ, ಅದರಲ್ಲೂ ಕೇಳುವವರಿಲ್ಲದ ಬಡವರು, ಅಲೆಮಾರಿ ಸಮುದಾಯಗಳವರು, ಹಳೆಯ ಎಂಒಬಿ ಪಟ್ಟಿಯಲ್ಲಿ (ಹಿಂದೆ ಕಳವಿನಂತಹ ಪ್ರಕರಣಗಳಲ್ಲಿ ಸಿಕ್ಕವರ ಬಗ್ಗೆ ಠಾಣೆ ಇಟ್ಟುಕೊಳ್ಳುವ ದಾಖಲೆ) ಹೆಸರಿರುವವರು. ಹೀಗಿರುವಾಗ ಹಿಂಸೆ ಹೆಚ್ಚಾಗಿರುವ ಕಡೆ ಈ ಪರ್ಯಾಯವನ್ನು ಯಾರೂ ಪ್ರಯೋಗಿಸಿ ನೋಡಲೇ ಇಲ್ಲ.

ಇನ್ನು ಕಾರಣದ ವಿಷಯ. ಪ್ರತಿ ತಿಂಗಳ ಕ್ರೈಂ ಮೀಟಿಂಗ್‌ನಲ್ಲಿ ಠಾಣಾಧಿಕಾರಿಯನ್ನು ಕೇಳುವುದು ಎಷ್ಟು ಪ್ರಕರಣ ಪತ್ತೆಯಾದವು, ಎಷ್ಟು ಸ್ವತ್ತು ವಶವಾಯಿತು ಎಂದು. ಬೆರಳಚ್ಚು ಎತ್ತಿದ್ದೀರಾ, ಸಾಕ್ಷಿಗಳನ್ನು ಎಷ್ಟು ಬೇಗ ಕಂಡಿರಿ ಎಂದು ಅದೇ ಒತ್ತಾಯದಿಂದ ಕೇಳುವವರು ಕಡಿಮೆ. ಬಂದೋಬಸ್ತು, ವಿಐಪಿ ಭೇಟಿ, ಜಾತ್ರೆ, ಚುನಾವಣೆ ಎಲ್ಲದರ ನಡುವೆ ತನಿಖೆಗೆ ಸಿಗುವ ಸಮಯ ಅತ್ಯಲ್ಪ. ಸಿಬ್ಬಂದಿ ಸಾಲದಿರುವ ಕಡೆ ವಿಚಾರಣೆಯೇ ತನಿಖೆಯಾಗಿಬಿಡುತ್ತದೆ, ವಿಚಾರಣೆ ಎಂದರೆ ಎದುರಿಗೆ ಕುಳಿತವನಿಂದ ಹೇಗಾದರೂ ಹೇಳಿಸುವುದು ಎಂದಾಗುತ್ತದೆ. ಇದು ಸಮರ್ಥನೆಯಲ್ಲ. ನಾನು ಕಂಡ ಒಳ್ಳೆಯ ಅಧಿಕಾರಿಗಳು ಕೈಯೆತ್ತದೆಯೇ ಕಠಿಣ ಪ್ರಕರಣಗಳನ್ನು ಬಿಡಿಸಿದ್ದಾರೆ. ಅವರೆಲ್ಲರಿಗೂ ಹಾಗೆ ಕೆಲಸ ಮಾಡಲು ಸಮಯ ಕೊಟ್ಟ ಮೇಲಧಿಕಾರಿಯೊಬ್ಬರಿದ್ದರು.

ಮತ್ತೊಂದು ಮಾತು. ಹೊಡೆತ ನಡೆಯುವುದು ಹೆಚ್ಚಾಗಿ ದಸ್ತಗಿರಿ ತೋರಿಸುವ ಮೊದಲು. ದಸ್ತಗಿರಿಯಾದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂಬ ನಿಯಮವನ್ನು ಕಡತದಲ್ಲಿ ಎಲ್ಲರೂ ಪಾಲಿಸಿರುತ್ತಾರೆ, ಆದರೆ ಆ ಗಡಿಯಾರ ಯಾವಾಗ ಶುರುವಾಯಿತು ಎಂಬುದನ್ನು ಬರೆಯುವ ಕೈ ಠಾಣೆಯದ್ದೇ. ಕ್ಯಾಮೆರಾ ಬೇಕೆಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ ಆದೇಶಿಸಿದ್ದು, ಠಾಣೆಯ ಯಾವ ಭಾಗವೂ ಕಣ್ಣಿಗೆ ಮರೆಯಾಗಿರಬಾರದು, ಧ್ವನಿಯೂ ದಾಖಲಾಗಬೇಕು ಎಂದು ಹೇಳಿದ್ದು ಈ ದೃಷ್ಟಿಯಿಂದ ಬಹಳ ಮುಖ್ಯ. ಠಾಣೆಯ ಆವರಣದ ಆಚೆ ಎಲ್ಲೋ ಇರುವ ಕೋಣೆಗೆ ಆ ಆದೇಶ ತಲುಪುವುದಿಲ್ಲ ಎಂಬುದನ್ನೂ ಸೇರಿಸಿ ಹೇಳಬೇಕು.

ಮನೋವಿಜ್ಞಾನ ಬೋಧಕಿ

ಪರೀಕ್ಷೆಯ ವಿಜ್ಞಾನದ ಬಗ್ಗೆ ಚುಟುಕಾಗಿ. ಮಂಪರು ಪರೀಕ್ಷೆಯಲ್ಲಿ ಬಳಸುವ ಸೋಡಿಯಂ ಪೆಂಟೊಥಾಲ್ ಒಂದು ಅರಿವಳಿಕೆ ಔಷಧ. ಅದು ಸಂಕೋಚವನ್ನು ಸಡಿಲಿಸುತ್ತದೆ, ನಿಜ. ಆದರೆ ಅದರ ಜೊತೆಗೇ ಪ್ರಶ್ನೆಯಲ್ಲಿರುವ ಸೂಚನೆಯನ್ನು ಉತ್ತರವಾಗಿ ಮರಳಿಸುವ ಒಲವನ್ನೂ ಹೆಚ್ಚಿಸುತ್ತದೆ. ಅರೆಪ್ರಜ್ಞೆಯಲ್ಲಿರುವವನ ಬಾಯಲ್ಲಿ ನಡೆದದ್ದು, ಕೇಳಿದ್ದು, ಕಲ್ಪಿಸಿದ್ದು ಮೂರೂ ಬೆರೆತು ಬರುತ್ತವೆ. ಪಶ್ಚಿಮದಲ್ಲಿ 1920ರ ದಶಕದಲ್ಲಿ ಟೆಕ್ಸಾಸಿನ ವೈದ್ಯ ರಾಬರ್ಟ್ ಹೌಸ್ ಅವರು ಇಂಥದೇ ಭರವಸೆಯಿಂದ ಸ್ಕೊಪಾಲಮೈನ್ ಬಳಸಿದ್ದರು. ಔಷಧದ ಪ್ರಭಾವದಲ್ಲಿ ಪಡೆದ ತಪ್ಪೊಪ್ಪಿಗೆ ಸಲ್ಲದೆಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರಲ್ಲೇ ಹೇಳಿತು. ನಮ್ಮಲ್ಲಿ ಆ ತಂತ್ರ ಮೆರೆದದ್ದು ಅದಾದ ನಾಲ್ಕು ದಶಕಗಳ ಮೇಲೆ.

ಬ್ರೈನ್ ಮ್ಯಾಪಿಂಗ್‌ನ ಕಥೆ ನಮ್ಮ ಬೆಂಗಳೂರಿನದೇ. ನಿಮ್ಹಾನ್ಸ್‌ನಲ್ಲಿ ಕೆಲಸ ಮಾಡಿದ್ದ ಮನೋವಿಜ್ಞಾನಿ ಸಿ.ಆರ್. ಮುಕುಂದನ್ ಅವರು ರೂಪಿಸಿದ ವಿಧಾನವನ್ನು ಪುಣೆಯ ನ್ಯಾಯಾಲಯವೊಂದು 2008ರಲ್ಲಿ ಕೊಲೆ ಪ್ರಕರಣದಲ್ಲಿ ಶಿಕ್ಷೆ ವಿಧಿಸುವಾಗ ಆಧಾರಗಳಲ್ಲೊಂದಾಗಿ ಪರಿಗಣಿಸಿತು. ಅದೇ ವರ್ಷ ನಿಮ್ಹಾನ್ಸ್‌ನ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ಈ ವಿಧಾನಕ್ಕೆ ಸಾಕಷ್ಟು ವೈಜ್ಞಾನಿಕ ತಳಹದಿ ಇಲ್ಲವೆಂದು ಅಭಿಪ್ರಾಯಪಟ್ಟಿತು. ಒಂದೇ ನಗರದ, ಒಂದೇ ಶಾಸ್ತ್ರದ ಜನರಿಂದಲೇ ಬಂದ ಈ ಆಕ್ಷೇಪ, ಮೇಲೆ ಸಂಶೋಧಕಿಯವರು ಹೇಳಿದ ಎಳೆದಾಟಕ್ಕೆ ನಾನು ತರಗತಿಯಲ್ಲಿ ಕೊಡುವ ಉದಾಹರಣೆ.

ಪ್ರಯೋಗಾಲಯದ ಮನಃಶಾಸ್ತ್ರಜ್ಞರನ್ನು ಪೊಲೀಸರ ಕೈಗೊಂಬೆಗಳೆಂದು ತಿಳಿಯುವುದು ಸರಿಯಲ್ಲ ಎಂದೂ ಹೇಳಬಯಸುತ್ತೇನೆ. ಎದುರಿಗಿರುವ ವ್ಯಕ್ತಿಯೊಡನೆ ಗಂಟೆಗಟ್ಟಲೆ ಸೌಜನ್ಯದಿಂದ ಮಾತನಾಡಿದ ಮೊದಲ ಸರ್ಕಾರಿ ನೌಕರರು ಬಹುಶಃ ಅವರೇ ಆಗಿರುತ್ತಿದ್ದರು. ಆದರೆ ಅವರ ಕೋಣೆಗೆ ಬರುವ ಮುನ್ನ ಆ ದೇಹಕ್ಕೆ ಏನಾಗಿತ್ತು, ಅಲ್ಲಿಂದ ಹೊರಟ ಮೇಲೆ ಏನಾಗುತ್ತದೆ ಎಂಬುದು ಅವರ ಅಧಿಕಾರದಲ್ಲಿರಲಿಲ್ಲ. ರಕ್ಷಣೆಗೆಂದು ಒಪ್ಪಿಗೆ ಪಡೆದುಕೊಂಡ ಕಡೆಯೂ, ‘ಇಲ್ಲ’ ಎಂದರೆ ಮರಳಿ ಯಾರ ವಶಕ್ಕೆ ಹೋಗಬೇಕೆಂಬುದು ಆ ಮನುಷ್ಯನಿಗೆ ಚೆನ್ನಾಗಿ ತಿಳಿದಿರುತ್ತದೆ.

ತುಂಗಾತೀರದ ಓದುಗ

ಮೂವರಿಗೂ ಕೃತಜ್ಞತೆಗಳು. ನಿವೃತ್ತ ಅಧಿಕಾರಿಯವರು ಹೇಳಿದ ಮಾತು, ಪರ್ಯಾಯವನ್ನು ಹಿಂಸೆ ಹೆಚ್ಚಾಗಿರುವಲ್ಲಿ ಪ್ರಯೋಗಿಸಲೇ ಇಲ್ಲ ಎಂಬುದು, ನನ್ನ ಪ್ರಶ್ನೆಯ ದಿಕ್ಕನ್ನೇ ಬದಲಿಸಿದೆ. ಒಂದು ಗೊಂದಲ ಮಾತ್ರ ಉಳಿದಿದೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆ ಸಾಕ್ಷ್ಯವಾಗದು ಎಂಬ ನಿಯಮ ನಮ್ಮಲ್ಲಿ 1872ರಿಂದಲೂ ಇದೆ. ನ್ಯಾಯಾಲಯಕ್ಕೆ ಬೇಡವಾದ ಹೇಳಿಕೆಗಾಗಿ ಹೊಡೆಯುವುದೇಕೆ? ಕಾನೂನು ಬಲ್ಲವರು ಇದನ್ನು ಬಿಡಿಸಬಹುದೇ?

ಕಲಬುರಗಿಯ ವಕೀಲೆ

ವಿಚಾರಣಾ ನ್ಯಾಯಾಲಯದಲ್ಲಿ ಕ್ರಿಮಿನಲ್ ಪ್ರಕರಣಗಳನ್ನು ನಡೆಸುವ ನನಗೆ ಈ ಗೊಂದಲ ದಿನನಿತ್ಯದ್ದು. ಸಾಕ್ಷ್ಯ ಅಧಿನಿಯಮದ 25ನೆಯ ಕಲಂ ತಪ್ಪೊಪ್ಪಿಗೆಯನ್ನು ಹೊರಗಿಟ್ಟಿತು, 27ನೆಯ ಕಲಂ ಅದರಲ್ಲೊಂದು ಬಾಗಿಲು ತೆರೆಯಿತು. ಕಸ್ಟಡಿಯಲ್ಲಿರುವ ಆರೋಪಿ ಕೊಟ್ಟ ಮಾಹಿತಿಯಿಂದ ಒಂದು ವಸ್ತು ಪತ್ತೆಯಾದರೆ, ಆ ಪತ್ತೆಗೆ ನೇರವಾಗಿ ಸಂಬಂಧಿಸಿದಷ್ಟು ಹೇಳಿಕೆ ಸಾಕ್ಷ್ಯವಾಗುತ್ತದೆ. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ ಇವೆರಡನ್ನೂ 23ನೆಯ ಕಲಂನೊಳಗೆ ಸೇರಿಸಲಾಗಿದೆ, ಸಾರ ಬದಲಾಗಿಲ್ಲ. ಹೀಗಾಗಿ ಕರ್ನಾಟಕದ ಯಾವುದೇ ಕೊಲೆ ಅಥವಾ ದರೋಡೆ ಪ್ರಕರಣದ ಕಡತ ತೆಗೆದರೂ ಆರೋಪಿಯ ‘ಸ್ವಇಚ್ಛಾ ಹೇಳಿಕೆ’ ಇರುತ್ತದೆ, ಅದರ ಹಿಂದೆಯೇ ‘ನನ್ನನ್ನು ಕರೆದುಕೊಂಡು ಹೋದರೆ ಮಚ್ಚನ್ನು ಬಚ್ಚಿಟ್ಟ ಜಾಗ ತೋರಿಸುತ್ತೇನೆ’ ಎಂಬ ವಾಕ್ಯ ಇರುತ್ತದೆ, ಅದರ ಬೆನ್ನಿಗೆ ಇಬ್ಬರು ಪಂಚರ (ಸ್ಥಳದಲ್ಲಿದ್ದ ಸಾಕ್ಷಿಗಳ) ಸಹಿಯಿರುವ, ವಸ್ತು ವಶಪಡಿಸಿಕೊಂಡುದರ ಮಹಜರು ಇರುತ್ತದೆ. ಹೇಳಿಕೆ ನ್ಯಾಯಾಲಯಕ್ಕೆ ಬೇಡವೆನ್ನುವುದು ಪೂರ್ತಿ ನಿಜವಲ್ಲ. ಅದರ ಒಂದು ತುಣುಕು ಬೇಕು, ಆ ತುಣುಕಿನ ಮೇಲೆಯೇ ಎಷ್ಟೋ ಆರೋಪಪಟ್ಟಿಗಳು ನಿಂತಿವೆ. ಬಲವಂತದಿಂದ ಪಡೆದದ್ದಾದರೆ ಆ ತುಣುಕೂ ಸಲ್ಲದೆಂದು 1961ರಲ್ಲಿ ಕಾಥಿ ಕಾಲು ಪ್ರಕರಣದಲ್ಲಿ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಸ್ಪಷ್ಟಪಡಿಸಿದೆ. ಆದರೆ ಬಲವಂತವನ್ನು ರುಜುವಾತುಪಡಿಸುವ ಹೊರೆ ಕಾರ್ಯತಃ ಆರೋಪಿಯ ಮೇಲೆಯೇ ಬೀಳುತ್ತದೆ.

ಸೆಲ್ವಿ ತೀರ್ಪನ್ನು ಮನಃಪೂರ್ವಕ ಮೆಚ್ಚುವ ನಾನು ಅದರಲ್ಲಿ ಆತಂಕದಿಂದ ಓದುವ ಭಾಗವೂ ಇದೇ. ಒಪ್ಪಿಗೆಯಿಂದ ನಡೆದ ಪರೀಕ್ಷೆಯ ಫಲಿತಾಂಶ ತಾನೇ ಸಾಕ್ಷ್ಯವಾಗದಿದ್ದರೂ, ಅದರ ನೆರವಿನಿಂದ ಮುಂದೆ ಪತ್ತೆಯಾದ ವಸ್ತುವನ್ನು 27ನೆಯ ಕಲಂ ಪ್ರಕಾರ ಸ್ವೀಕರಿಸಬಹುದು ಎಂದು ಅದು ಹೇಳಿದೆ. ಅಂದರೆ ಲಾಠಿಗೂ ಸೂಜಿಗೂ ನಮ್ಮ ಕಾನೂನು ಒಂದೇ ಬಾಗಿಲನ್ನು ತೆರೆದಿಟ್ಟಿದೆ. ನಿಮ್ಮ ಮೊದಲ ಪ್ರಶ್ನೆಗೆ ನನ್ನ ಉತ್ತರ ಇಲ್ಲಿದೆ. ಆರೋಪಿಯ ದೇಹದಿಂದಲೇ ಸಾಕ್ಷ್ಯ ಹೊರಡಬೇಕು ಎಂಬ ನಿರೀಕ್ಷೆ ಬದಲಾಗದೆ ಉಳಿದಾಗ, ಹೊಸ ಸಲಕರಣೆ ಬಂದರೂ ಹಳೆಯದನ್ನು ಬಿಡಲು ಯಾರಿಗೂ ಕಾರಣವಿರುವುದಿಲ್ಲ. ಸಂಘಟಿತ ಅಪರಾಧಗಳನ್ನು ಕುರಿತ ನಮ್ಮ ರಾಜ್ಯದ 2000ದ ಕೋಕಾ ಕಾಯ್ದೆಯಂತೂ ಎಸ್‌ಪಿ ದರ್ಜೆಯ ಅಧಿಕಾರಿಯ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನೇ ಸಾಕ್ಷ್ಯವೆಂದು ಒಪ್ಪುತ್ತದೆ.

ಈಚಿನ ಎರಡು ಬೆಳವಣಿಗೆಗಳನ್ನೂ ಪಾಠದಲ್ಲಿ ಸೇರಿಸಿಕೊಳ್ಳಿ. 2025ರ ಜೂನ್‌ನಲ್ಲಿ ಅಮ್ಲೇಶ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಜಾಮೀನು ಅರ್ಜಿಯ ಹಂತದಲ್ಲಿ ಮಂಪರು ಪರೀಕ್ಷೆ ನಡೆಸುವ ಪೊಲೀಸರ ಪ್ರಸ್ತಾವವನ್ನು ಒಪ್ಪಿದ್ದ ಪಟ್ನಾ ಹೈಕೋರ್ಟಿನ ಆದೇಶವನ್ನು ರದ್ದುಪಡಿಸಿ ಸೆಲ್ವಿಯ ತತ್ತ್ವವನ್ನು ಎತ್ತಿಹಿಡಿಯಿತು. ಹದಿನೈದು ವರ್ಷಗಳ ನಂತರವೂ ಅಂತಹ ಪ್ರಸ್ತಾವ ಹೈಕೋರ್ಟಿನವರೆಗೆ ಬಂದಿತ್ತು ಎಂಬುದನ್ನು ಗಮನಿಸಬೇಕು. ಎರಡನೆಯದು ಇದಕ್ಕಿಂತ ಗಂಭೀರವಾದುದೆಂದು ನಾನು ಭಾವಿಸುತ್ತೇನೆ. ಹಿಂದೆ ಪೊಲೀಸ್ ಕಸ್ಟಡಿಯನ್ನು ಮೊದಲ ಹದಿನೈದು ದಿನಗಳಲ್ಲಷ್ಟೇ ಕೇಳಬಹುದಿತ್ತು. ಈಗ, ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 187ನೆಯ ಕಲಂ ಪ್ರಕಾರ ಆ ಹದಿನೈದು ದಿನಗಳನ್ನು ಬಿಡಿಬಿಡಿಯಾಗಿ, ಅಪರಾಧದ ಸ್ವರೂಪಕ್ಕೆ ತಕ್ಕಂತೆ ಮೊದಲ 40 ಅಥವಾ 60 ದಿನಗಳೊಳಗೆ ಯಾವಾಗ ಬೇಕಾದರೂ ಕೇಳಬಹುದು. ಜೈಲಿಗೆ ಹೋದ ಕಕ್ಷಿದಾರ ಇನ್ನು ಠಾಣೆಗೆ ಮರಳುವುದಿಲ್ಲ ಎಂದು ನಾವು ಕೊಡುತ್ತಿದ್ದ ಧೈರ್ಯವನ್ನು ಈಗ ಕೊಡಲಾಗುವುದಿಲ್ಲ. ಪೊಲೀಸರು ಹೊಡೆದರೇ ಎಂದು ಮ್ಯಾಜಿಸ್ಟ್ರೇಟರು ಕೇಳಿದಾಗ, ಕರೆತಂದ ಸಿಬ್ಬಂದಿ ಹಿಂದೆಯೇ ನಿಂತಿರುವಾಗ, ಮತ್ತೆ ಅವರ ಕೈಗೇ ಸಿಗುವ ಸಾಧ್ಯತೆ ತಿಂಗಳುಗಟ್ಟಲೆ ಇರುವಾಗ, ಬಾಯಿಬಿಟ್ಟು ಹೇಳುವುದು ಎಷ್ಟು ಜನಕ್ಕೆ ಸಾಧ್ಯ?

ಮಾನಸಗಂಗೋತ್ರಿಯ ಸಂಶೋಧಕಿ

ವಕೀಲರ ಮಾತಿಗೆ ಒಂದು ಪೂರಕ ಅಂಶ. ಕಾಮನ್ ಕಾಸ್ ಮತ್ತು ಲೋಕನೀತಿ–ಸಿಎಸ್‌ಡಿಎಸ್ ಸಂಸ್ಥೆಗಳು 2025ರಲ್ಲಿ ಪ್ರಕಟಿಸಿದ ಪೊಲೀಸ್ ವ್ಯವಸ್ಥೆಯ ವರದಿ ಚಿತ್ರಹಿಂಸೆಯನ್ನೇ ವಿಷಯವಾಗಿಟ್ಟುಕೊಂಡಿದೆ. (ಸಂಸ್ಥೆಯ ಹೆಸರಿಗೂ ಲೇಖಕಿಯ ಹೆಸರಿಗೂ ಸಂಬಂಧವಿಲ್ಲ, ವಿದ್ಯಾರ್ಥಿಗಳು ಗೊಂದಲಗೊಳ್ಳಬಾರದೆಂದು ಹೇಳಿದೆ.) 17 ರಾಜ್ಯ ಮತ್ತು ಕೇಂದ್ರಾಡಳಿತ ಪ್ರದೇಶಗಳ 8,276 ಪೊಲೀಸ್ ಸಿಬ್ಬಂದಿಯನ್ನು ಅದಕ್ಕಾಗಿ ಮಾತನಾಡಿಸಲಾಗಿತ್ತು. ಗಂಭೀರ ಅಪರಾಧದ ಆರೋಪಿಗಳ ಮೇಲೆ ಥರ್ಡ್ ಡಿಗ್ರಿ, ಅಂದರೆ ಚಿತ್ರಹಿಂಸೆ, ಪ್ರಯೋಗಿಸುವುದು ಬಹುಮಟ್ಟಿಗೆ ಸಮರ್ಥನೀಯ ಎಂದವರು ಶೇ. 30ರಷ್ಟು. ಅಪರಿಚಿತ ಸಮೀಕ್ಷಕರ ಮುಂದೆ ನೇರವಾಗಿ ಹಾಗೆ ಹೇಳಲು ಸಂಕೋಚವಾಗದ ವಾತಾವರಣವೇ ಆತಂಕದ ವಿಷಯ. ಚಿತ್ರಹಿಂಸೆಯ ವಿರುದ್ಧದ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1997ರಲ್ಲಿ ಸಹಿ ಹಾಕಿದರೂ ಅದನ್ನು ಇನ್ನೂ ಅನುಮೋದಿಸಿಲ್ಲ, ಚಿತ್ರಹಿಂಸೆಯನ್ನು ಪ್ರತ್ಯೇಕ ಅಪರಾಧವೆಂದು ಹೇಳುವ ಕೇಂದ್ರ ಕಾನೂನೂ ನಮ್ಮಲ್ಲಿಲ್ಲ.

ತರಗತಿಗೆ ನನ್ನದೊಂದು ಸಲಹೆ. ಸೆಲ್ವಿ ತೀರ್ಪಿನ ಜೊತೆಗೆ ನಿಮ್ಮ ಜಿಲ್ಲಾ ನ್ಯಾಯಾಲಯದ ನಾಲ್ಕೈದು ಖುಲಾಸೆ ತೀರ್ಪುಗಳನ್ನು ಇ-ಕೋರ್ಟ್ಸ್ ಜಾಲತಾಣದಿಂದ ಇಳಿಸಿ ಓದಿಸಿ. ಮಹಜರಿನ ಪಂಚರು ತಿರುಗಿಬಿದ್ದ ಕಡೆ ನ್ಯಾಯಾಧೀಶರು ಏನು ಬರೆದಿದ್ದಾರೆ, ಹೇಳಿಕೆ ಹೇಗೆ ಪಡೆಯಲಾಯಿತು ಎಂಬ ಪ್ರಶ್ನೆಯನ್ನು ಅವರು ಎತ್ತಿದ್ದಾರೆಯೇ ಅಥವಾ ರುಜುವಾತಾಗಿಲ್ಲ ಎಂದಷ್ಟೇ ಹೇಳಿ ಮುಂದೆ ಹೋಗಿದ್ದಾರೆಯೇ ಎಂಬುದನ್ನು ವಿದ್ಯಾರ್ಥಿಗಳೇ ಪಟ್ಟಿ ಮಾಡಲಿ.